ದೊಡ್ಡ ಸ್ವಾಮಿಯವರು: ಅಬ್ಬೆ ಡುಬಾಯ್ ಅವರ ಜೀವನ ಮತ್ತು ನಮ್ಮ ಹಳ್ಳಿಯ ದೇವಾಲಯಗಳು

ಹಳ್ಳಿಯ ದೇವಾಲಯವೊಂದು ನೂರು ಸಂವತ್ಸರಗಳನ್ನು ಪೂರೈಸಿದಾಗ, ಅದರ ಗೋಪುರವನ್ನು ಎತ್ತಿಸಿದವರಾರು, ಪೀಠವನ್ನು ಪ್ರತಿಷ್ಠಿಸಿದವರಾರು, ಗಂಟೆಯನ್ನು ತಂದವರಾರು ಎಂದು ಕೇಳಿ ತಿಳಿಯುವುದು ಸಹಜ. ಆದರೆ ಅದಕ್ಕೂ ಹಿಂದಿನದಾದ ಇನ್ನೊಂದು ಪ್ರಶ್ನೆಯುಂಟು. ಕಲ್ಲುಗಾರೆಯ ಗೋಡೆಗಳು ಏಳುವುದಕ್ಕೆ ಮುಂಚೆ, ಅವುಗಳೊಳಗೆ ಕುಳಿತು ಪ್ರಾರ್ಥಿಸಬೇಕಾದ ಜನರು ಹೇಗೆ ಉಳಿದುಬಂದರು? ಯಾರು ಅವರನ್ನು ಒಂದುಗೂಡಿಸಿದರು? ಮೈಸೂರು ಸೀಮೆಯ ಮಟ್ಟಿಗೆ ಈ ಪ್ರಶ್ನೆಯನ್ನು ಬೆನ್ನಟ್ಟಿ ಹೊರಟವರು ಕಡೆಗೆ ಒಬ್ಬ ಫ್ರೆಂಚ್ ಗುರುವಿನ ಬಳಿಗೆ ಬಂದು ನಿಲ್ಲಬೇಕಾಗುತ್ತದೆ. ಅವರೇ ಅಬ್ಬೆ ಡುಬಾಯ್ ಎಂದು ವಿಖ್ಯಾತರಾದ ಜಾನ್ ಆಂತ್ವಾನ್ ದ್ಯುಬ್ವಾ. ವಿದ್ವಾಂಸರು ಅವರನ್ನು ಗ್ರಂಥಕರ್ತರೆಂದು ಬಲ್ಲರು. ಹಳ್ಳಿಯ ಕ್ರೈಸ್ತರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಈ ಎರಡನೆಯ ಹೆಸರಿನ ಅರ್ಥವನ್ನು ಅರಿಯುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

ಕ್ರಾಂತಿಯ ನಾಡಿನಿಂದ

ಫ್ರಾನ್ಸ್ ದೇಶದ ದಕ್ಷಿಣಭಾಗದಲ್ಲಿ ಆರ್ದೆಶ್ ಎಂಬ ಗುಡ್ಡಗಾಡಿನ ಪ್ರಾಂತವಿದೆ. ಅಲ್ಲಿನ ಸೇಂಟ್ ರೆಮೆಜ್ ಎಂಬ ಚಿಕ್ಕ ಗ್ರಾಮದಲ್ಲಿ, 1760ರ ದಶಕದ ನಡುವಣ ವರ್ಷಗಳಲ್ಲಿ ಡುಬಾಯ್ ಜನಿಸಿದರು. ವಿವಿಯೇ ಧರ್ಮಪ್ರಾಂತಕ್ಕೆ ಸೇರಿದ ಅವರಿಗೆ 1792ರಲ್ಲಿ ಗುರುದೀಕ್ಷೆಯಾಯಿತು. ಅದು ಫ್ರಾನ್ಸಿನ ಧರ್ಮಸಭೆಗೆ ಅಗ್ನಿಪರೀಕ್ಷೆಯ ಕಾಲ. 1789ರಲ್ಲಿ ಆರಂಭವಾದ ಮಹಾಕ್ರಾಂತಿಯು ದೇವಾಲಯಗಳ ಆಸ್ತಿಯನ್ನು ವಶಪಡಿಸಿಕೊಂಡು, ಗುರುಗಳೆಲ್ಲರೂ ಹೊಸ ರಾಜ್ಯಾಂಗಕ್ಕೆ ಪ್ರಮಾಣ ಮಾಡಬೇಕೆಂದು ಒತ್ತಾಯಿಸುತ್ತಿತ್ತು. ಪ್ರಮಾಣ ಮಾಡಲೊಪ್ಪದ ಗುರುಗಳು ಸೆರೆಗೂ ಗಡೀಪಾರಿಗೂ ಗುರಿಯಾಗುತ್ತಿದ್ದರು.

ತರುಣ ಡುಬಾಯ್ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಗೆ ಸೇರಿ ಅದೇ 1792ರಲ್ಲಿ ಭಾರತದತ್ತ ಹೊರಟರು. ಮರುವರ್ಷದ ಜನವರಿಯಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಶಿರಚ್ಛೇದವಾಯಿತು. ಅದೇ 1793ರಲ್ಲಿ ಫ್ರೆಂಚರ ಪುದುಚೇರಿಯೂ ಇಂಗ್ಲಿಷರ ಕೈಸೇರಿತು. ಹೀಗೆ ಹಿಂದಿರುಗಲು ನೆಮ್ಮದಿಯ ತವರು ಇಲ್ಲದ, ಬೆನ್ನಿಗೆ ಸ್ವದೇಶದ ಅಧಿಕಾರದ ಬಲವಿಲ್ಲದ ಒಬ್ಬ ಗುರು ನಮ್ಮ ನಾಡಿಗೆ ಬಂದರು. ಮೊದಲು ಪುದುಚೇರಿ ಮಿಷನ್ನಿಗೆ ಸೇರಿ, ಇಂದು ತಮಿಳುನಾಡಿಗೆ ಸೇರಿರುವ ದಕ್ಷಿಣದ ಪ್ರಾಂತಗಳಲ್ಲಿ ಕೆಲವು ವರ್ಷ ದುಡಿದರು.

ಈ ವರ್ಷಗಳಲ್ಲಿ ಅವರು ಕೈಗೊಂಡ ಒಂದು ತೀರ್ಮಾನವು ಮುಂದಿನ ಜೀವನವನ್ನೆಲ್ಲ ರೂಪಿಸಿತು. ಐರೋಪ್ಯರ ಒಡನಾಟವನ್ನು ಆದಷ್ಟು ತೊರೆದು, ಈ ದೇಶದ ಜನರಂತೆಯೇ ಬಾಳಲು ಅವರು ನಿಶ್ಚಯಿಸಿದರು. ಉಡುಪಿನಲ್ಲಿ, ಆಹಾರದಲ್ಲಿ, ನಡೆನುಡಿಯಲ್ಲಿ ದೇಶಾಚಾರವನ್ನು ಅನುಸರಿಸಿದರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಅವರ ಭಾವಚಿತ್ರದಲ್ಲಿ ನಮಗೆ ಕಾಣುವುದು ತಲೆಗೆ ರುಮಾಲು ಸುತ್ತಿ, ನೀಳವಾದ ಬಿಳಿಯ ನಿಲುವಂಗಿ ತೊಟ್ಟ ವೃದ್ಧರು. ಹೊಸದಾಗಿ ನೋಡುವವರು ಅವರನ್ನು ಫ್ರಾನ್ಸಿನ ಗುರುವೆಂದು ಒಮ್ಮೆಗೇ ಗುರುತಿಸಲಾರರು.

ಚದುರಿದ ಮಂದೆ

ಅವರು ಮೈಸೂರಿಗೆ ಬರುವ ವೇಳೆಗೆ ಇಲ್ಲಿನ ಧರ್ಮಸಭೆಯ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹದಿನೇಳನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಸ್ತಿಭಾರ ಹಾಕಿದ್ದರು. ಆ ಬಳಿಕ ನೂರು ವರ್ಷಕ್ಕೂ ಮಿಕ್ಕಿ ಯೇಸುಸಭೆಯ ಗುರುಗಳು ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿ ದುಡಿದರು. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನೇ ರದ್ದುಗೊಳಿಸಿದಾಗ ಈ ಬಳ್ಳಿಗೆ ನೀರೆರೆಯುವವರು ಇಲ್ಲವಾದರು. ಇದ್ದ ಮುದಿ ಗುರುಗಳು ಒಬ್ಬೊಬ್ಬರಾಗಿ ಕಣ್ಮುಚ್ಚಿದರೆ ಅವರ ಸ್ಥಾನಕ್ಕೆ ಹೊಸಬರು ಬರುವಂತಿರಲಿಲ್ಲ.

ಅದರ ಮೇಲೆ ಯುದ್ಧಗಳ ಕಾಲ ಬಂದಿತು. ಕರಾವಳಿಯ ಕಥೋಲಿಕರನ್ನು 1784ರಲ್ಲಿ ಟಿಪ್ಪು ಸುಲ್ತಾನನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ ಸಂಗತಿಯನ್ನು ನಮ್ಮ ಓದುಗರು ಬಲ್ಲರು. ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ಅಸುನೀಗಿದರು. ಅನೇಕರು ಬಲಾತ್ಕಾರದಿಂದ ಮತಾಂತರಗೊಂಡರು. ಗುರುಗಳಿಲ್ಲದೆ, ಪೂಜೆಯಿಲ್ಲದೆ, ದೇವಾಲಯಗಳಿಲ್ಲದೆ ಒಂದು ಪೀಳಿಗೆಯೇ ಬೆಳೆಯಿತು. ಮನೆಯೊಳಗಿನ ಜಪಮಾಲೆ ಮತ್ತು ತಾಯಂದಿರು ಬಾಯಿಪಾಠದಿಂದ ಕಲಿಸಿದ ಪ್ರಾರ್ಥನೆಗಳು, ಇವೇ ಅವರಿಗೆ ದೇವಾಲಯವಾಗಿದ್ದವು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಚದುರಿದ ಕ್ರೈಸ್ತರನ್ನು ಮತ್ತೆ ಕೂಡಿಸುವ ಕಾರ್ಯಕ್ಕಾಗಿ ಡುಬಾಯ್ ಅವರಿಗೆ ಆಹ್ವಾನ ಬಂದಿತು. ಆಗ ಅವರಿಗೆ ಇನ್ನೂ ಮೂವತ್ತನಾಲ್ಕರ ಆಸುಪಾಸಿನ ವಯಸ್ಸು. ಅವರ ಮುಂದೆ ಬಂದು ನಿಂತವರಲ್ಲಿ ಹಲವರು ಒಮ್ಮೆ ವಿಶ್ವಾಸವನ್ನು ಬಾಯಿಂದ ಅಲ್ಲಗಳೆದವರು. ಧರ್ಮಸಭೆಯ ಬೋಧನೆಯಂತೆ ಜ್ಞಾನಸ್ನಾನದ ಮುದ್ರೆ ಅಳಿಯತಕ್ಕದ್ದಲ್ಲ. ಆದುದರಿಂದ ಇಂಥವರಿಗೆ ಮತ್ತೊಮ್ಮೆ ಜ್ಞಾನಸ್ನಾನ ಕೊಡುವ ಪ್ರಶ್ನೆಯೇ ಇರಲಿಲ್ಲ. ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತಗಳ ಮೂಲಕ ಅವರನ್ನು ಮಂದೆಯೊಳಕ್ಕೆ ಮರಳಿ ಕರೆದುಕೊಳ್ಳಬೇಕಾಗಿತ್ತು. ಸಾವಿನ ಭಯದಲ್ಲಿ ತಲೆಬಾಗಿದವರೂ, ಅದೇ ಭಯವನ್ನು ಎದುರಿಸಿ ಬಂಧುಗಳನ್ನು ಕಳೆದುಕೊಂಡವರೂ ಇನ್ನು ಮುಂದೆ ಒಂದೇ ಪೀಠದ ಮುಂದೆ ಮೊಣಕಾಲೂರಬೇಕು. ಕಟ್ಟಡ ಕಟ್ಟುವುದಕ್ಕಿಂತ ಇದು ಕಠಿನವಾದ ಕೆಲಸವೆಂದು ಹೇಳಬೇಕಾಗಿಲ್ಲ.

ಮಣ್ಣಿನ ಗೋಡೆಯ ದೇವಾಲಯಗಳು

ಶ್ರೀರಂಗಪಟ್ಟಣದ ದ್ವೀಪದಲ್ಲಿರುವ ಗಂಜಾಂ ಮತ್ತು ಸಮೀಪದ ಪಾಲಹಳ್ಳಿ, ಇವೆರಡೂ ಡುಬಾಯ್ ಅವರ ಸೇವೆಯ ನೆನಪನ್ನು ಹೊತ್ತ ಸ್ಥಳಗಳು. ಗಂಜಾಮಿನ ದೇವಾಲಯವು ಇಂದಿಗೂ ಅವರ ಹೆಸರಿನಿಂದ ಗುರುತಿಸಲ್ಪಡುತ್ತದೆ.

ಆ ಕಾಲದ ಹಳ್ಳಿಯ ದೇವಾಲಯವೆಂದರೆ ನಾವು ಇಂದು ಕಾಣುವ ಎತ್ತರದ ಗೋಪುರವನ್ನೂ ಬಣ್ಣದ ಗಾಜಿನ ಕಿಟಕಿಗಳನ್ನೂ ನೆನೆಯಬಾರದು. ಊರ ಮನೆಗಳನ್ನು ಕಟ್ಟಿದ ಸಾಮಗ್ರಿಯಿಂದಲೇ ದೇವರ ಮನೆಯನ್ನೂ ಕಟ್ಟುತ್ತಿದ್ದರು. ಕೆರೆಯಂಗಳದ ಜೇಡಿಮಣ್ಣನ್ನು ಹುಲ್ಲಿನೊಡನೆ ಕಲಸಿ, ಕಾಲಿನಿಂದ ತುಳಿದು ಹದಮಾಡಿ, ಮೊಳದೆತ್ತರದ ಒಂದೊಂದೇ ವರಸೆಯಾಗಿ ಗೋಡೆಯನ್ನು ಏರಿಸುವುದು. ಕೆಳಗಿನ ವರಸೆ ಒಣಗಿ ಗಟ್ಟಿಯಾದ ಮೇಲಷ್ಟೇ ಮೇಲಿನದು. ಭಾರ ತಡೆಯಲು ಗೋಡೆ ದಪ್ಪವಾಗಿರಬೇಕು, ಕಿಟಕಿಗಳು ಕಿರಿದಾಗಿರಬೇಕು. ಮಳೆನೀರು ಗೋಡೆಗೆ ತಾಗದಂತೆ ಸೂರು ತಗ್ಗಾಗಿ ಇಳಿದಿರಬೇಕು. ಮೇಲೆ ಹುಲ್ಲಿನ ಹೊದಿಕೆ, ಅನುಕೂಲವಿದ್ದರೆ ನಾಡಹೆಂಚು. ಒಳಗೆ ಸೆಗಣಿ ಸಾರಿಸಿದ ನೆಲ, ಮೂಡಣ ತುದಿಯಲ್ಲೋ ಪಡುವಣ ತುದಿಯಲ್ಲೋ ಮಣ್ಣಿನದೇ ಆದ ಪೀಠ.

ಇಂಥ ಕಟ್ಟಡಕ್ಕೆ ಒಂದು ನಿಯಮವುಂಟು. ಪ್ರತಿವರ್ಷ ಮಳೆಗಾಲ ಕಳೆದೊಡನೆ ಊರವರು ಕೂಡಿ ಗೋಡೆಯ ಬಿರುಕುಗಳನ್ನು ಮೆತ್ತಬೇಕು, ಸುಣ್ಣ ಬಳಿಯಬೇಕು, ಹೊದಿಕೆಯನ್ನು ಬದಲಿಸಬೇಕು. ಎರಡು ಮಳೆಗಾಲ ಉಪೇಕ್ಷಿಸಿದರೆ ಗೋಡೆ ಕರಗಿ ಮಣ್ಣಿಗೆ ಸೇರುತ್ತದೆ. ಜನರು ಒಟ್ಟಾಗಿರುವ ತನಕ ಮಾತ್ರ ಅದು ನಿಲ್ಲುತ್ತದೆ. ಹಳ್ಳಿಯ ಕ್ರೈಸ್ತರಿಗೆ ಸಂಘಜೀವನದ ಮೊದಲ ಪಾಠವನ್ನು ಈ ಮಣ್ಣಿನ ಗೋಡೆಗಳೇ ಕಲಿಸಿದವೆಂದರೆ ಅತಿಶಯೋಕ್ತಿಯಾಗದು.

ನೇಗಿಲು ಮತ್ತು ಸಿಡುಬಿನ ಚುಚ್ಚು

ಜನರನ್ನು ದೇವಾಲಯದ ಸುತ್ತ ನಿಲ್ಲಿಸಬೇಕಾದರೆ ಅವರ ಹೊಟ್ಟೆಗೆ ದಾರಿ ತೋರಿಸಬೇಕೆಂಬುದನ್ನು ಡುಬಾಯ್ ಬಲ್ಲವರಾಗಿದ್ದರು. ಯುದ್ಧದಿಂದಲೂ ಸೆರೆಯಿಂದಲೂ ಬಿಡುಗಡೆಯಾದ ಕುಟುಂಬಗಳಿಗೆ ಹೊಲವಿರಲಿಲ್ಲ, ಎತ್ತಿರಲಿಲ್ಲ, ಊರಿನಲ್ಲಿ ನೆಲೆಯಿರಲಿಲ್ಲ. ಇಂಥವರಿಗಾಗಿ ಬೀಳುಬಿದ್ದ ಭೂಮಿಯಲ್ಲಿ ಬೇಸಾಯದ ವಸಾಹತುಗಳನ್ನು ಅವರು ನೆಲೆಗೊಳಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಹಳ್ಳಿ. ಭಿಕ್ಷೆಯ ಅನ್ನವು ಒಂದು ದಿನದ್ದು. ಉತ್ತ ನೆಲವು ಮಕ್ಕಳ ಕಾಲಕ್ಕೂ ಉಳಿಯುವಂಥದು. ನೆಲಕ್ಕೆ ಅಂಟಿಕೊಂಡ ಕುಟುಂಬ ಊರಿಗೂ, ಊರಿನ ದೇವಾಲಯಕ್ಕೂ ಅಂಟಿಕೊಳ್ಳುತ್ತದೆ. ಹಾಸನ ಸೀಮೆಯ ಕ್ರೈಸ್ತ ಗ್ರಾಮಗಳ ಇತಿಹಾಸವು ಈ ನೇಗಿಲ ಸಾಲಿನಿಂದ ಆರಂಭವಾಗುತ್ತದೆ.

ಎರಡನೆಯದು ಸಿಡುಬಿನ ವಿರುದ್ಧ ಅವರು ಹೂಡಿದ ಹೋರಾಟ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಲಸಿಕೆಯ ಗುಣವನ್ನು ಪರೀಕ್ಷಿಸಿ ಕಂಡುಕೊಂಡನು. ಆ ಲಸಿಕೆಯು 1802ರಲ್ಲಿ ಮುಂಬಯಿಗೆ ಬಂದು ತಲಪಿತು. ಶೀತಲ ಪೆಟ್ಟಿಗೆಗಳಿಲ್ಲದ ಆ ದಿನಗಳಲ್ಲಿ ಲಸಿಕೆಯನ್ನು ಕಾಪಾಡುವ ಉಪಾಯವು ಮನುಷ್ಯರ ತೋಳೇ ಆಗಿತ್ತು. ಚುಚ್ಚಿಸಿಕೊಂಡ ಮಗುವಿನ ತೋಳಿನಲ್ಲಿ ಸುಮಾರು ಎಂಟನೆಯ ದಿನಕ್ಕೆ ಎದ್ದ ಗುಳ್ಳೆಯಿಂದ ರಸ ತೆಗೆದು ಮುಂದಿನವರ ತೋಳಿಗೆ ಚುಚ್ಚುವುದು. ಹೀಗೆ ತೋಳಿಂದ ತೋಳಿಗೆ, ಊರಿಂದ ಊರಿಗೆ ಸರಪಳಿ ಕಡಿಯದಂತೆ ಸಾಗಿಸುವುದು. ಜಾತಿಜಾತಿಗಳ ನಡುವೆ ಮುಟ್ಟುವುದೇ ಕಷ್ಟವಾಗಿದ್ದ ಸಮಾಜದಲ್ಲಿ ಒಬ್ಬರ ಮೈಯ ರಸವನ್ನು ಇನ್ನೊಬ್ಬರ ಮೈಗೆ ಸೇರಿಸುವ ಈ ಕ್ರಮಕ್ಕೆ ಎಷ್ಟು ವಿರೋಧ ಬಂದಿರಬೇಕೆಂಬುದನ್ನು ಊಹಿಸಬಹುದು. ಸಿಡುಬು ಅಮ್ಮನ ಕೋಪವೆಂಬ ನಂಬಿಕೆಯೂ ಬಲವಾಗಿತ್ತು.

ಜನರ ನಡುವೆಯೇ ಬಾಳಿ, ಅವರ ಭಾಷೆಯಲ್ಲೇ ಮಾತನಾಡಿ ಗಳಿಸಿದ್ದ ನಂಬಿಕೆಯನ್ನು ಡುಬಾಯ್ ಈ ಕಾರ್ಯಕ್ಕೆ ಮುಡಿಪಾಗಿಟ್ಟರು. 1803–04ರ ಅವಧಿಯಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಪಡೆದವರೆಂದು ದಾಖಲೆಯಾದವರ ಸಂಖ್ಯೆ 25,432. ಅಂದಿನ ಹಳ್ಳಿಗಳ ಜನಸಂಖ್ಯೆಯನ್ನೂ ದಾರಿಗಳ ಸ್ಥಿತಿಯನ್ನೂ ನೆನೆದಾಗ ಈ ಅಂಕಿಯ ಹಿರಿಮೆ ತಿಳಿಯುತ್ತದೆ. ಪೂಜೆಯ ಪುಸ್ತಕವನ್ನು ಹಿಡಿದ ಕೈಯೇ ಚುಚ್ಚುವ ಅಲಗನ್ನೂ ಹಿಡಿದುದರಲ್ಲಿ ಅವರಿಗೆ ವಿರೋಧವೇನೂ ಕಾಣಲಿಲ್ಲ.

ಲೋಕವಿಖ್ಯಾತವಾದ ಗ್ರಂಥ

ಇವೆಲ್ಲದರ ನಡುವೆ ಅವರು ಹಿಂದೂ ಜನರ ನಡೆನುಡಿ, ಸಂಪ್ರದಾಯ ಮತ್ತು ಸಂಸ್ಕಾರಗಳನ್ನು ಕುರಿತು ಫ್ರೆಂಚಿನಲ್ಲಿ ಒಂದು ಬೃಹದ್ಗ್ರಂಥವನ್ನು ರಚಿಸಿದರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಹಸ್ತಪ್ರತಿಯು ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕರ ಕೈಸೇರಿತು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು 2,000 ವರಾಹಗಳಿಗೆ ಅದನ್ನು ಕೊಂಡುಕೊಂಡಿತು. ಇಂಗ್ಲಿಷ್ ಅನುವಾದವು 1816ರಲ್ಲಿ ಪ್ರಕಟವಾಯಿತು. ಫ್ರೆಂಚ್ ಮೂಲವು 1825ರಲ್ಲಿ ಪ್ಯಾರಿಸಿನಲ್ಲಿ ಹೊರಬಂದಿತು. ಗ್ರಂಥಕರ್ತರೇ ತಿದ್ದಿ ವಿಸ್ತರಿಸಿದ ಪ್ರತಿಯನ್ನು ಹೆನ್ರಿ ಬೋಷಾಂಪ್ ಹೊಸದಾಗಿ ಭಾಷಾಂತರಿಸಿ 1897ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಕಟಿಸಿದರು.

ಈ ಗ್ರಂಥದ ಬಗ್ಗೆ ಸತ್ಯವನ್ನು ಮರೆಮಾಚದೆ ಹೇಳುವುದು ಧರ್ಮ. ಅದರ ಬಹುಭಾಗವು ಯೇಸುಸಭೆಯ ಪೂಜ್ಯ ಕೆರ್ದೂ ಅವರು ಹಿಂದೆಯೇ ಬರೆದಿಟ್ಟಿದ್ದ ಹಸ್ತಪ್ರತಿಯನ್ನು ಆಧರಿಸಿದೆಯೆಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಆ ಮೂಲ ಲೇಖಕರ ಹೆಸರನ್ನು ಡುಬಾಯ್ ತಮ್ಮ ಗ್ರಂಥದಲ್ಲಿ ಸ್ಮರಿಸಲಿಲ್ಲ. ಅಲ್ಲದೆ ಈ ದೇಶದ ಜನರ ಆಚಾರವಿಚಾರಗಳನ್ನು ಕುರಿತು ಅವರು ಕೊಟ್ಟ ತೀರ್ಪುಗಳಲ್ಲಿ ಕಠೋರವಾದವೂ ಅನ್ಯಾಯವಾದವೂ ಇವೆ. ಪುಸ್ತಕದ ಕೀರ್ತಿಯನ್ನು ಮಾತ್ರ ನೆಚ್ಚಿಕೊಂಡರೆ ಅವರ ಸ್ಮರಣೆ ಈ ಕಾರಣಗಳಿಂದ ಮಸುಕಾಗುತ್ತದೆ. ಸಾತಹಳ್ಳಿಯ ಹೊಲಗಳಿಗೂ ಲಸಿಕೆಯ ತೋಳುಗಳಿಗೂ ಈ ಮಸುಕು ತಾಗುವುದಿಲ್ಲ.

ನಿರಾಶೆಯ ಬುತ್ತಿ

1823ರ ಜನವರಿ 15ರಂದು ಅವರು ಭಾರತದಿಂದ ಹಡಗು ಹತ್ತಿದರು. ಮೂವತ್ತು ವರ್ಷಗಳ ಸೇವೆಯಾಗಿತ್ತು. ಕಂಪನಿಯು ಅವರಿಗೆ ವಿಶ್ರಾಂತಿವೇತನವನ್ನು ಗೊತ್ತುಮಾಡಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪುಸ್ತಕವಾಗಿ ಹೊರಬಂದವು. ಅದನ್ನು ಓದಿದವರು ಬೆರಗಾದರು. ಈ ದೇಶದಲ್ಲಿ ಸುವಾರ್ತೆ ಬೇರೂರುವ ಕಾಲ ಕಳೆದುಹೋಯಿತೆಂದೂ, ತಾವು ಇಪ್ಪತ್ತೈದು ವರ್ಷ ದುಡಿದು ಸ್ಥಳೀಯ ಗುರುವೊಬ್ಬರ ನೆರವಿನಿಂದ ಗಳಿಸಿದ ಹೊಸ ವಿಶ್ವಾಸಿಗಳು ಇನ್ನೂರು ಮುನ್ನೂರಕ್ಕೆ ಮೀರಲಿಲ್ಲವೆಂದೂ, ಅವರಲ್ಲಿ ಮೂರರಲ್ಲಿ ಎರಡು ಪಾಲು ಊರ ಹೊರಗಿನವರು, ತಿರಿದುಣ್ಣುವವರು ಎಂದೂ ಅವರು ಬರೆದಿದ್ದರು. ಜೇಮ್ಸ್ ಹಫ್ ಮೊದಲಾದ ಪ್ರೊಟೆಸ್ಟೆಂಟ್ ಬೋಧಕರು ಅದಕ್ಕೆ ಬಿರುಸಾದ ಉತ್ತರಗಳನ್ನು ಪ್ರಕಟಿಸಿದರು.

ಈ ನಿರಾಶೆಯ ಮುಂದೆ ನಾವು ಸ್ವಲ್ಪ ಹೊತ್ತು ನಿಂತು ಆಲೋಚಿಸಬೇಕು. ದೊಡ್ಡ ಸ್ವಾಮಿಯವರು ತಮ್ಮ ಬಾಳನ್ನು ಅಳೆದುದು ಹೊಸದಾಗಿ ಸೇರಿದವರ ಲೆಕ್ಕದಿಂದ. ವಿದ್ಯಾವಂತರೂ ಮೇಲ್ಜಾತಿಯವರೂ ಬರಲಿಲ್ಲವೆಂಬ ಕೊರಗು ಅವರದು. ಆದರೆ ಅವರು ಕೀಳಾಗಿ ಎಣಿಸಿದ ಆ ಬಡವರೇ ಮರುಪೀಳಿಗೆಯಲ್ಲಿ ಉಪದೇಶಿಗಳಾದರು, ಮಕ್ಕಳಿಗೆ ಜಪ ಕಲಿಸಿದರು, ಮಣ್ಣಿನ ಗೋಡೆಗೆ ಪ್ರತಿವರ್ಷ ಸುಣ್ಣ ಬಳಿದರು. ಪ್ರಭು ಯೇಸುವು ಬೆಸ್ತರನ್ನೂ ಸುಂಕದವರನ್ನೂ ಕರೆದು ಧರ್ಮಸಭೆಯನ್ನು ಕಟ್ಟಿದನೆಂಬುದನ್ನು ಪ್ರತಿ ಭಾನುವಾರ ಬೋಧಿಸಿದ ಗುರುವೇ ಒಂದು ಗಳಿಗೆ ಅದನ್ನು ಮರೆತರು. ಮಹಾಪುರುಷರ ಕಣ್ಣಿಗೂ ತಮ್ಮ ಬಿತ್ತನೆಯ ಬೆಳೆ ಕಾಣದೆ ಹೋಗುವುದುಂಟು.

ಪ್ಯಾರಿಸಿಗೆ ಮರಳಿದ ಮೇಲೆ ಅವರು ಸುಮ್ಮನೆ ಕುಳಿತವರಲ್ಲ. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ತಮಿಳು, ತೆಲುಗು ಪ್ರತಿಗಳೊಡನೆ ಕನ್ನಡದ ಪ್ರತಿಯೂ ಆ ಅನುವಾದಕ್ಕೆ ಆಧಾರವಾಗಿತ್ತೆಂಬುದು ನಮಗೆ ಹೆಮ್ಮೆಯ ಸಂಗತಿ. ತಮ್ಮನ್ನು ಕಳುಹಿಸಿದ ವಿದೇಶೀ ಮಿಷನ್ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾಗಿದ್ದು, 1836ರಿಂದ 1839ರವರೆಗೆ ಅದರ ಶ್ರೇಷ್ಠರಾದರು. ಇನ್ನು ಕಾಲ ಮುಗಿಯಿತೆಂದು ಬರೆದವರೇ ಹೊಸ ಗುರುಗಳನ್ನು ಸಿದ್ಧಗೊಳಿಸಿ ಪೂರ್ವದೇಶಗಳಿಗೆ ಕಳುಹಿಸುವ ಮನೆಯ ಹಿರಿಯರಾದರು. ಅವರ ಲೇಖನಿ ಹೇಳಿದ್ದಕ್ಕಿಂತ ಅವರ ನಡತೆ ಹೇಳಿದ ಮಾತು ದೊಡ್ಡದು. 1848ರ ಫೆಬ್ರವರಿ 17ರಂದು ಅವರು ಪ್ಯಾರಿಸಿನಲ್ಲಿ ದೇವರ ಪಾದ ಸೇರಿದರು. ಅದೇ ವಾರ ಕಳೆಯುವಷ್ಟರಲ್ಲಿ ಆ ನಗರದಲ್ಲಿ ಮತ್ತೊಂದು ಕ್ರಾಂತಿ ಭುಗಿಲೆದ್ದಿತು.

ಅವರ ತರುವಾಯ

ಅವರ ಮರಣದ ಎರಡು ವರ್ಷಗಳ ಬಳಿಕ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಯಿತು. ಅದೇ ಸಂಸ್ಥೆಯ ಶಾರ್ಬೊನೋ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಭಾರತದಲ್ಲಿ ಧರ್ಮಪ್ರಾಂತಗಳ ವ್ಯವಸ್ಥೆಯನ್ನು ಸ್ಥಾಪಿಸಿದಾಗ ಮೈಸೂರು ಧರ್ಮಪ್ರಾಂತವೆನಿಸಿತು. ಅದರಿಂದ 1940ರಲ್ಲಿ ಬೆಂಗಳೂರು, 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತಗಳು ಕವಲೊಡೆದವು. ಹಾಸನ ಸೀಮೆಯು ಇಂದು ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದೆ. ಮಣ್ಣಿನ ದೇವಾಲಯಗಳ ಜಾಗದಲ್ಲಿ ಇಟ್ಟಿಗೆ, ಸುಣ್ಣದ ಗಾರೆಗಳ ಕಟ್ಟಡಗಳು ಎದ್ದವು.

ಅವುಗಳಲ್ಲಿ ಒಂದನ್ನು ಇಲ್ಲಿ ಹೆಸರಿಸಲೇಬೇಕು. ಹಾಸನದ ಸಮೀಪ ಹೇಮಾವತಿಯ ದಡದಲ್ಲಿರುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ಕೆಲವರು ಡುಬಾಯ್ ಅವರೇ ಕಟ್ಟಿಸಿದರೆಂದು ಹೇಳುವುದುಂಟು. ಅದು ಕಾಲಗಣನೆಗೆ ಹೊಂದುವುದಿಲ್ಲ. ಅವರ ತರುವಾಯ ಬಂದ ಫ್ರೆಂಚ್ ಗುರುಗಳು 1860ರ ಸುಮಾರಿನಲ್ಲಿ ಅದನ್ನು ನಿರ್ಮಿಸಿದರು. ಗಾಥಿಕ್ ಶೈಲಿಯ ಆ ಕಟ್ಟಡದಲ್ಲಿ ಕಮಾನುಗಳು ತುದಿಯಲ್ಲಿ ಮೊನಚಾಗಿ ಕೂಡುತ್ತವೆ. ಅಂಥ ಕಮಾನು ಮೇಲಿನ ಭಾರವನ್ನು ನೇರವಾಗಿ ಕಂಬಗಳತ್ತ ಇಳಿಸುವುದರಿಂದ ಗೋಡೆಗಳು ಎತ್ತರವಾಗಿ ಏರಬಲ್ಲವು, ಕಿಟಕಿಗಳು ನೀಳವಾಗಿ ತೆರೆಯಬಲ್ಲವು. ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಗಾರೆಗೆ ಬೆರೆಸಿದ್ದರೆಂದು ಜನರು ಹೇಳುತ್ತಾರೆ. ತಗ್ಗಿದ ಸೂರಿನ ಕೆಳಗೆ ಬಾಗಿ ಒಳಹೊಕ್ಕ ಜನರ ಮಕ್ಕಳು ಈಗ ತಲೆಯೆತ್ತಿ ಮೇಲೆ ನೋಡುವಂತಾಯಿತು.

1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಶೆಟ್ಟಿಹಳ್ಳಿಯನ್ನು ಆವರಿಸಿತು. ಜನರು ಬೇರೆಡೆಗೆ ನೆಲೆ ಬದಲಿಸಿದರು. ಸೂರು ಕಳೆದುಕೊಂಡ ದೇವಾಲಯವು ಮಳೆಗಾಲದಲ್ಲಿ ಅರ್ಧ ಮುಳುಗಿಯೂ ಬೇಸಗೆಯಲ್ಲಿ ಬಯಲಾಗಿಯೂ ನಿಂತಿತು. ದೂರದ ಪ್ರವಾಸಿಗರು ಅದರ ಚೆಲುವನ್ನು ನೋಡಲು ಬಂದರು. ಅದರ ಜನರು ಮಾತ್ರ ತಾವು ಹೋದೆಡೆಗೆ ತಮ್ಮ ಜಪಮಾಲೆಯನ್ನು ಕೊಂಡೊಯ್ದರು. ಹೊಸ ಊರುಗಳಲ್ಲಿ ಹೊಸ ಪೀಠಗಳ ಮುಂದೆ ನೆರೆದರು. ಗೋಡೆ ನೀರಿಗೆ ಹೋದರೂ ಧರ್ಮಕೇಂದ್ರ ಉಳಿಯಿತು.

ಉಪಸಂಹಾರ

ಮಣ್ಣಿನ ಗೋಡೆಗಳು ಮಳೆಗೆ ಕರಗಿದವು. ಗಾಥಿಕ್ ಕಮಾನುಗಳು ಹಿನ್ನೀರಿನಲ್ಲಿ ನಿಂತವು. ದೊಡ್ಡ ಗ್ರಂಥದ ಕೀರ್ತಿಯಲ್ಲಿಯೂ ಪಾಲುದಾರರು ಹೊರಟರು. ಇಷ್ಟೆಲ್ಲ ಕಳೆದ ಮೇಲೂ ಅಬ್ಬೆ ಡುಬಾಯ್ ಅವರ ಕೃತಿಯೆಂದು ಉಳಿದಿರುವುದು, ಸೋತು ಚದುರಿದ್ದ ಜನರನ್ನು ಹೆಸರು ಹಿಡಿದು ಕರೆದು, ಕ್ಷಮಿಸಿ, ಹೊಲ ಕೊಡಿಸಿ, ರೋಗದಿಂದ ಕಾಪಾಡಿ, ಒಂದು ಪೀಠದ ಮುಂದೆ ಕೂಡಿಸಿದ ಕಾರ್ಯ. ಅದನ್ನು ಅವರು ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಹಳ್ಳಿಯ ಜನರು ದೊಡ್ಡ ಸ್ವಾಮಿಯವರು ಎಂಬ ಒಂದೇ ಹೆಸರಿನಲ್ಲಿ ಬರೆದಿಟ್ಟರು.

ಶತಮಾನೋತ್ಸವದ ಈ ಶುಭವರ್ಷದಲ್ಲಿ ನಮ್ಮ ದೇವಾಲಯದ ಗೋಡೆಗೆ ಹೊಸ ಬಣ್ಣ ಬಳಿಯುವಾಗ, ಗೋಪುರಕ್ಕೆ ದೀಪಮಾಲೆ ಕಟ್ಟುವಾಗ, ನಮ್ಮ ನಡುವೆ ಚದುರಿಹೋದವರು ಯಾರಾದರೂ ಇದ್ದಾರೆಯೇ ಎಂದು ನಾವು ಕೇಳಿಕೊಳ್ಳೋಣ. ಊರು ಬಿಟ್ಟವರು, ಮುನಿಸಿನಿಂದ ದೂರವಾದವರು, ಬಡತನದ ಸಂಕೋಚದಿಂದ ಹಿಂದಿನ ಸಾಲಿನಲ್ಲೂ ನಿಲ್ಲದವರು ಇವರಲ್ಲಿ ಒಬ್ಬರನ್ನಾದರೂ ಪ್ರತಿ ಮನೆಯವರು ಹಬ್ಬದ ಪೂಜೆಗೆ ಕೈಹಿಡಿದು ಕರೆತಂದರೆ, ದೊಡ್ಡ ಸ್ವಾಮಿಯವರು ಆರಂಭಿಸಿದ ಕಟ್ಟಡದ ಮೇಲೆ ನಾವೂ ಒಂದು ವರಸೆ ಮಣ್ಣನ್ನು ಇಟ್ಟಂತಾಗುತ್ತದೆ. ಅವರ ಆತ್ಮಕ್ಕೆ ಪ್ರಭುವು ನಿತ್ಯಶಾಂತಿಯನ್ನು ದಯಪಾಲಿಸಲಿ.